ಅಂತಪ್ಪನಿಗೆ ನೂರಕ್ಕೆ ನೂರು

ಮುಸಫ್ಫಾ. ಟಯರಂಗಡಿಯ ಮೇಲಿನ ಮಹಡಿ.
ಕೆಳಗೆ ಗಾಳಿ ತುಂಬುವ ಸದ್ದು. ಮೇಲೆ ನಾನು
ಇಲ್ಲದವರನ್ನು ಹುಟ್ಟಿಸುತ್ತೇನೆ.

ಪಾಠ ಬರೆಯುವುದು ನನ್ನ ಕೆಲಸವಲ್ಲ.
ಪಾಠದ ತುಂಡುಗಳನ್ನು ಕಟ್ಟುವವರಿಗೆ
ಇಕ್ಕಳ, ತೂಗುಗುಂಡು, ಅಳತೆಪಟ್ಟಿ ಮಾಡಿಕೊಡುತ್ತೇನೆ.
ಪ್ರಶ್ನೆ ತೆರೆಗೆ ಬಂತೇ, ಗುಂಡಿ ಒತ್ತಿದರೆ ಒತ್ತಿತೇ,
ಅಂಕ ಸೇರಬೇಕಾದಲ್ಲಿ ಸೇರಿತೇ
ಎಂದು ಕೇಳಿ ನೋಡುವ ಸಣ್ಣ ಸಣ್ಣ ಕೋಡು,
ಮೊಲಕ್ಕೂ ಕೋಡು ಮೂಡಿಸುವ ಕೋಡು.
ಲೈಬ್ರರಿ ಅನ್ನುತ್ತಾರೆ ಅದಕ್ಕೆ.
ಓದಲು ಯಾರೂ ಬರುವುದಿಲ್ಲ.

ಅದರಲ್ಲೊಂದು ಸುಳ್ಳು ಗಡಿಯಾರ ಇದೆ.
ಮುಂದೆ ಹೋಗು ಅಂದರೆ ಚಹಾ ಆರುವುದರೊಳಗೆ
ಮೂವತ್ತು ದಿನ ಹೋಗಿಬಿಡುತ್ತದೆ,
ಗಡುವು ಮುಗಿದ ಪಾಠ ಬಾಗಿಲು ಹಾಕಿಕೊಳ್ಳುತ್ತದೋ ನೋಡಲು.
ಈ ಊರಲ್ಲಿ ಅದನ್ನು ಹೊರಗೆ ಹೇಳಬಾರದು.
ಎರಡು ವರ್ಷ ಮುಂದಕ್ಕೆ ತಿರುಗಿಸಿಕೊಡಿ ಎಂದು
ಕ್ಯಾಂಪುಗಳೇ ಸಾಲು ನಿಂತಾವು.

ಮತ್ತೆ ಒಬ್ಬ ವಿದ್ಯಾರ್ಥಿ. ಹೆಸರು ಬೇಕಿತ್ತು.
ಅಂತಪ್ಪ ಎಂದಿಟ್ಟೆ.
ಶಂಕರಪುರದಲ್ಲಿ ಇಗರ್ಜಿಯ ಗಂಟೆ ಹೊಡೆಯುತ್ತಿದ್ದವನದು, ನಿಜ.
ಆದರೂ ಇದ್ದಾನೆ ಅಂತ, ಬಂದ ಅಂತ, ಪಾಸಾದ ಅಂತ
ಅಂದುಕೊಂಡರಷ್ಟೇ ಇರುವವನಿಗೆ
ನಮ್ಮ ಭಾಷೆಯಲ್ಲಿ ಬೇರೆ ಹೆಸರು ಎಲ್ಲಿದೆ?

ದಿನಕ್ಕೆ ನಾನೂರು ಸಲ ಹುಟ್ಟುತ್ತಾನೆ.
‘ಟ್ಯಾಂಕಿಗೆ ಇಳಿಯುವ ಮುನ್ನ’ ಪಾಠ ತೆರೆಯುತ್ತಾನೆ,
ನಾಲ್ಕು ಚಿತ್ರ ಎಳೆದು ಸಾಲಾಗಿ ಇಡುತ್ತಾನೆ:
ಗಾಳಿ ಅಳೆ. ಪಟ್ಟಿ ಬಿಗಿ.
ಮೇಲೊಬ್ಬನನ್ನು ನಿಲ್ಲಿಸು. ಆಮೇಲೆ ಇಳಿ.
ಹಸಿರು ಗೆರೆ.
ಹಿಂದೆಯೇ ಅವನನ್ನು ಒರೆಸುವ ಇನ್ನೊಂದು ಸಾಲು.
ಮಣ್ಣಿಲ್ಲ, ಮೇಣದಬತ್ತಿಯಿಲ್ಲ.

ಶನಿವಾರ ಬಸ್ಸು ಬಂತು.
ಎಣ್ಣೆ ಟ್ಯಾಂಕು ತೊಳೆಯುವ ಮೂವತ್ತು ಜನ
ಯಾರೂ ಹೇಳದಿದ್ದರೂ ಬೂಟು ಬಾಗಿಲಾಚೆ ಬಿಟ್ಟು ಬಂದರು.
ಕೊನೆಯ ಬೆಂಚಲ್ಲಿ ಮಾಬೂಸಾಬ್ ನದಾಫ್, ಗಂಗಾವತಿ ಕಡೆಯವರು,
ಹತ್ತೊಂಬತ್ತು ವರ್ಷ ಟ್ಯಾಂಕಿಗೆ ಇಳಿದು ಹತ್ತಿದವರು.
ಚಿತ್ರ ಎಳೆದರು. ಬರಲಿಲ್ಲ.
ಅಂಗಿಗೆ ಒರೆಸಿಕೊಂಡು ಎಳೆದರು. ಬರಲಿಲ್ಲ.
ರಾಸಾಯನಿಕ ತಿಂದು ಗೆರೆ ಸವೆದ ಬೆರಳು,
ಗಾಜಿಗೆ ಅದು ಬೆರಳು ಅಂತ ಅನ್ನಿಸಲೇ ಇಲ್ಲ.
ಹನ್ನೊಂದು ಸಲ. ಸಮಯ ಮುಗಿಯಿತು. ಸೊನ್ನೆ.

ಗೋಡೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ
ನಿನ್ನೆ ನಾನು ಒರೆಸಲು ಮರೆತವನು.
“ಯಾರ್ರೀ ಮೇಡಮ್ಮಾರ ಈ ಅಂತಪ್ಪ? ಯಾವ ಕ್ಯಾಂಪಿನಾಂವ?
ಒಂದ ಸೆಕೆಂಡಿನಾಗ ನೂರಕ್ಕ ನೂರು!
ಒಮ್ಮೆ ನಮ್ಮ ಟ್ಯಾಂಕಿಗೆ ಕಳಸ್ರಿ ಅವನ್ನ.”
ಮಾತು ಹಿಂದಿಗೆ, ಬಂಗಾಳಿಗೆ, ನೇಪಾಳಿಗೆ ದಾಟುತ್ತಾ
ನಗು ಬೆಂಚಿನಿಂದ ಬೆಂಚಿಗೆ ತಡವಾಗಿ ತಲುಪಿತು.

ಬಾಯಲ್ಲೇ ಹೇಳಿ ಎಂದೆ. ಮೊದಲೇನು?
“ಮೊದಲ? ಮ್ಯಾಲ ನಿಂತಾಂವ ಯಾರು ಅಂತ ನೋಡ್ತೀನ್ರಿ.
ಮಷೀನು ಸುಳ್ಳು ಹೇಳಬಹುದು.
ಹಗ್ಗ ಹಿಡದಾಂವ ನಿದ್ದಿ ಮಾಡಬಾರದು.”
ನಮ್ಮ ಉತ್ತರದ ಪ್ರಕಾರ ಅದು ತಪ್ಪು.

ರಾತ್ರಿ ಅಂತಪ್ಪನಿಗೆ ಬೆರಳು ಕೊಟ್ಟೆ.
ಹತ್ತು ಸಲ ಮುಟ್ಟಿದರೆ ಒಮ್ಮೆ ತಾಗುವ ಬೆರಳು,
ಅರ್ಧ ದಾರಿಯಲ್ಲಿ ಚಿತ್ರ ಜಾರಿಸುವ ಬೆರಳು.
ಓಡಿಸಿದೆ.
ಮೂರು ವರ್ಷ ಹಸಿರಾಗಿದ್ದಲ್ಲಿ
ಇನ್ನೂರ ಆರು ಕೆಂಪು.

ಫಿರಾಸ್ ಕೇಳಿದ: ಯಾರು ಮುರಿದದ್ದು?
ಮೊದಲೇ ಮುರಿದಿತ್ತು ಎಂದು ಬರೆದೆ,
ಅಳಿಸಿ, ನಾನು ಎಂದು ಬರೆದೆ.

ಮಾಬೂಸಾಬರ ಉತ್ತರವನ್ನು ಎಲ್ಲಿಡಲಿ, ಇನ್ನೂ ಗೊತ್ತಿಲ್ಲ.
ಕೆಳಗೆ ಅಂಗಡಿಯ ಹುಡುಗ ಬಕೆಟ್ಟಿನ ನೀರಲ್ಲಿ
ಟ್ಯೂಬನ್ನು ಅದುಮಿ ಹಿಡಿದು, ನಿಧಾನ ತಿರುಗಿಸುತ್ತಾ
ಗುಳ್ಳೆ ಎಲ್ಲೇಳುತ್ತದೆ ಎಂದು ಕಾಯುತ್ತಿದ್ದಾನೆ.