ನೆರಳಿನ ಅಂಕಿ

ಮೊದಲ ಆವೃತ್ತಿಯಲ್ಲಿ ಮೂರೇ ಬಣ್ಣ:
ಹಸಿರು ಅಂದರೆ ಹೋಗು, ಹಳದಿ ಅಂದರೆ ಯೋಚಿಸು,
ಕೆಂಪು ಅಂದರೆ ಮನೆಯಲ್ಲೇ ಇರು.
ಮೂವತ್ತೈದು ದಾಟಿದರೆ ಕೆಂಪು ಎಂದು
ಯಾವುದೋ ತಂಪು ಊರಿನವರು ಎಳೆದಿಟ್ಟ ಗೆರೆಯನ್ನು
ನಾನೂ ಹಾಗೇ ಎತ್ತಿಕೊಂಡಿದ್ದೆ.

ಮಾರ್ಚ್ ಹತ್ತಕ್ಕೆ ಕಲಬುರಗಿ ಕೆಂಪಾಯಿತು.
ಜೂನ್ ತನಕ ಕೆಂಪಾಗಿಯೇ ಉಳಿಯಿತು.
ಆ್ಯಪಿನ ಮಾತು ಕೇಳಿದ್ದರೆ ಈ ಊರಲ್ಲಿ
ಮೂರು ತಿಂಗಳು ಯಾರೂ ಹೊಸ್ತಿಲು ದಾಟುವಂತಿರಲಿಲ್ಲ,
ಹಾಲು ಬರುವಂತಿರಲಿಲ್ಲ, ಹೆಣ ಹೋಗುವಂತಿರಲಿಲ್ಲ.

ಸ್ಟೇಷನ್ ರಸ್ತೆ, ಝೆರಾಕ್ಸ್ ಅಂಗಡಿಯ ಮೇಲೆ
ನಾನೂ ಝರೀನಾಳೂ ಹಂಚಿಕೊಂಡ ಕೋಣೆ.
ಕೂಲರಿನ ಹುಲ್ಲಿಗೆ ನೀರು ಸುರಿದು ಬಂದು ಅವಳು
ಮೂವತ್ತೈದನ್ನು ಮೂವತ್ತೆಂಟು ಮಾಡಿದಳು. ಆಮೇಲೆ ನಲವತ್ತು.
'ಬಿಸಿಲಿಗಿ ರಿಯಾಯಿತಿ ಕೊಟ್ಟಂಗಾಯ್ತು' ಅಂತ ನಕ್ಕಳು.
ನಗುವಾಗಲೇ ಕರೆಂಟು ಹೋಯಿತು.

ಬಳಸಿ ನೋಡಿ ಹೇಳಿ ಎಂದು ಕೆಲವರಿಗೆ ಕೊಟ್ಟೆವು.
ಟೆಂಟ್ ಹೌಸಿನ ಮಕ್ಬೂಲ್ ಪಟೇಲರು
ಮಳೆಯ ಪುಟ ತೆರೆಯಲೇ ಇಲ್ಲ.
'ಮಳಿ ಬಂದ್ರ ಮಂದಿ ಕುರ್ಚಿ ತಲಿಮ್ಯಾಲ ಹೊತ್ಕೊಂಡು ಓಡ್ತಾರ,
ಬಿರಿಯಾನಿ ಉಳೀತದ, ಅಷ್ಟೇ.
ಗಾಳಿ ಬಂದ್ರ ಶಾಮಿಯಾನಾನೇ ಓಡ್ತದ ತಂಗಿ,
ಕಂಬ ಸಮೇತ. ಅದು ಎಷ್ಟೊತ್ತಿಗಿ ಬರ್ತದ ಹೇಳು.'
ನಮ್ಮ ಬಳಿ ಗಾಳಿಗೆ ದಿನಕ್ಕೊಂದು ಸರಾಸರಿ ಇತ್ತು.
ಸರಾಸರಿಗೆ ಯಾವ ಶಾಮಿಯಾನವೂ ಹಾರಿದ್ದಿಲ್ಲ.

ಹಪ್ಪಳದ ಇಮಾಂಬಿಗೆ ಕೆಂಪು ಬಣ್ಣವೇ ಇಷ್ಟ:
'ಭೇಷ್ ಅದ ಇವತ್ತ. ಎರಡು ತಾಸಿನಾಗ ಗರಿಗರಿ.'

ಮತ್ತೆ ನೀಲಗಂಗಮ್ಮ ಟೀಚರು.
ಹುಡುಗಿಯರ ಖೋಖೋ ತಂಡ, ಬರಿಗಾಲು.
ಸಂಜೆ ನಾಲ್ಕೂವರೆಗೆ ಫೋನು ಮುಖಕ್ಕೆ ಹಿಡಿದರು:
'ಈ ನಲವತ್ತೊಂದು ಎಲ್ಲಿಂದ ತಂದಿ?'
ಬಿಳಿ ಪೆಟ್ಟಿಗೆಯೊಳಗೆ, ಗಾಳಿಯಾಡುವಂತೆ,
ಬಿಸಿಲು ತಾಗದಂತೆ, ಎದೆಮಟ್ಟದಲ್ಲಿ ಅಳೆಯುತ್ತಾರೆ,
ಎಲ್ಲ ಕಡೆಯೂ ಹಾಗೇ, ಅಂದೆ.
'ಅಂದ್ರ ನೆರಳಿಂದು.'
ಹೂಂ.
'ನನ್ನ ಹುಡುಗ್ಯಾರು ಎದಿಮಟ್ಟದಾಗ ಓಡಂಗಿಲ್ಲ ಯವ್ವಾ.'

ಬಗ್ಗಿ ಅಂಗೈ ನೆಲಕ್ಕೆ ಒತ್ತಿದರು.
ತುಟಿ ಅಲುಗಿತು: ಒಂದು, ಎರಡು, ಮೂರು, ನಾಲ್ಕು, ಐದು.
ಕೈ ಕಿತ್ತರು.
'ಹತ್ತರ ತನಕ ತಡದ್ರ ಆಟ.
ಇಲ್ಲಂದ್ರ ಬೇವಿನ ಗಿಡದ ಕೆಳಗ ಕೂಡಿಸಿ ನಿಯಮ ಓದ್ಸೋದು.'
ನನ್ನ ಅಂಗೈಯನ್ನೂ ಇಡಿಸಿದರು.
ಮೂರಕ್ಕೆ ಸೋತೆ.
ಬೇವಿನ ಕೆಳಗಿಂದ ಹನ್ನೆರಡು ಹುಡುಗಿಯರ ಕಿಸಕ್.

ಆ ರಾತ್ರಿ ಝರೀನಾಳ ಜತೆ ಜಗಳ.
'ಅಂಗೈ ಎಣಿಕಿ ಡೇಟಾ ಅಲ್ಲ,' ಅಂದಳು.
'ರೊಟ್ಟಿ ಬಡಿಯೋ ಕೈಗಿ ಹತ್ತು, ಕೀಬೋರ್ಡ್ ಬಡಿಯೋ ಕೈಗಿ ಮೂರು,
ಎರಡೂ ಒಂದೇ ಕಾಲಮ್ಮಿನಾಗ ಹ್ಯಾಂಗ ಹಾಕ್ತಿ?'
ಅವಳು ಹೇಳಿದ್ದು ಸರಿ.
ಉತ್ತರ ಇರಲಿಲ್ಲ, ಕಾಲಮ್ಮು ಸೇರಿಸಿದೆ.
ಹೆಸರು: ಅಂಗೈ.
ಬೆಳಗಾಗುವುದರೊಳಗೆ ಅವಳು
ಪಕ್ಕದಲ್ಲಿ ಇನ್ನೊಂದು ಸೇರಿಸಿದ್ದಳು: ಯಾರ ಅಂಗೈ.

ಮೂರು ಬಣ್ಣ ತೆಗೆದೆವು.
ಈಗ ಇರುವುದು ಗಂಟೆಗಳ ಒಂದು ಪಟ್ಟಿ,
ಅದರ ಕೆಳಗೆ ಜನ ಬರೆಯಲು ಜಾಗ.
ನಲವತ್ತಾರು ಮಂದಿ ಇಳಿಸಿಕೊಂಡಿದ್ದಾರೆ,
ಅದರಲ್ಲಿ ಒಂಬತ್ತು ನನ್ನ ಸಂಬಂಧಿಕರು,
ಇಬ್ಬರು ಅಲಾರಾಂ ಎಂದು ತಿಳಿದವರು.

ನಿನ್ನೆ ಐದೂ ನಲವತ್ತಕ್ಕೆ ಫೋನು ಟಿಂಗ್ ಅಂದಿತು.
ಖೋಖೋ ಮೈದಾನ. ಅಂಗೈ: ಹನ್ನೊಂದು.
ಯಾರ: ಒಂಬತ್ತನೇ ಕ್ಲಾಸಿನ ಮಹಾನಂದಾ, ಎಡಗೈ.
ಅದರ ಬೆನ್ನಿಗೇ ಮಕ್ಬೂಲ್ ಪಟೇಲರು:
'ಪಡುವಣದಾಗ ಧೂಳ ಎದ್ದದ. ಜಲ್ದಿ ಆಡಿ ಮುಗಸ್ರಿ.'

ಮುನ್ಸೂಚನೆಯ ಪುಟದಲ್ಲಿ ಇನ್ನೂ ಶುಭ್ರ ಆಕಾಶ.
ಲ್ಯಾಪ್‌ಟಾಪ್ ತೆರೆದಂತೆಯೇ ಬಿಟ್ಟು
ಮಾಳಿಗೆಗೆ ಓಡಿದೆ, ಬಟ್ಟೆ ತೆಗೆಯಲು.
ಝರೀನಾ ಆಗಲೇ ಅಲ್ಲಿದ್ದಳು,
ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು.