ಬಾನೆಟ್ ಕೆಳಗೆ

ಮೈನಸ್ ಮೂವತ್ತಾರು.
ಸಹಕಾರಿ ಅಂಗಡಿಯ ಕಾಫಿ ಮೇಜಿನ ಸುತ್ತ ಆರು ಟೊಪ್ಪಿಗೆ.
ನಾನು ನಿಂತೇ ಕುಡಿಯುತ್ತೇನೆ, ಕುರ್ಚಿಗೆ ಗ್ರೀಸ್ ಮೆತ್ತೀತೆಂದು.
ಕಿಟಕಿಯಾಚೆ ಎಲ್ಲರ ಗಾಡಿಗಳೂ ಎಂಜಿನ್ ಆರಿಸದೆ
ಕೊಟ್ಟಿಗೆಯ ದನಗಳ ಹಾಗೆ ಬಿಳಿಯುಸಿರು ಬಿಡುತ್ತಿವೆ;
ನಡುವೆ ಡೆಲ್ಫೀನಳ ಹೊಸ ಪಿಕಪ್,
ಉಸಿರೇ ಇಲ್ಲ.

"ಸತ್ತಿದೆಯೋ, ನಿದ್ದೆಯೋ, ಹೋಗಿ ಮುಟ್ಟಿ ನೋಡ್ರಪ್ಪ"
ಎನ್ನುತ್ತಾನೆ ಓರೆಸ್ಟ್ ಹ್ನಾಟಿಕ್.
ಎರಡು ವರ್ಷ ಕಾಯಿಸಿ ಬಂದ ಗಾಡಿ.
ಜಾಹೀರಾತಿನಲ್ಲಿ ಅದು ಬೆಟ್ಟ ಹತ್ತಿತ್ತು, ಹೊಳೆ ದಾಟಿತ್ತು,
ಕೊಳೆಯೇ ಕಾಣದ ಬೂಟಿನ ರೈತನೊಬ್ಬ
ಅದಕ್ಕೊರಗಿ ಸೂರ್ಯಾಸ್ತ ನೋಡುತ್ತಿದ್ದ.
ಇಲ್ಲಿ ಹತ್ತಲು ಬೆಟ್ಟವೇ ಇಲ್ಲ.
ಸೂರ್ಯ ಐದಕ್ಕೆಲ್ಲ ಹೇಳದೆ ಕೇಳದೆ ಹೋಗಿಬಿಡುತ್ತಾನೆ.

"ಒಮ್ಮೆ ತುಂಬಿದರೆ ಐನೂರು ಕಿಲೋಮೀಟರ್ ಅಂದಿದ್ದರಲ್ಲ?"
"ಅಂದಿದ್ದರು."
"ಎಷ್ಟು ಬಂತು?"
ಡೆಲ್ಫೀನ್ ಸಕ್ಕರೆ ಕಲಕುತ್ತಾಳೆ, ಕರಗಿದ ಮೇಲೂ.
ಹಿಂದೆ ಟ್ರೇಲರ್, ಟ್ರೇಲರಿನಲ್ಲಿ ಗಬ್ಬದ ಕುದುರೆ, ಎದುರುಗಾಳಿ:
ನೂರ ಎಂಬತ್ತು.
ಸ್ವಿಫ್ಟ್ ಕರೆಂಟ್‌ನಲ್ಲಿ, ಮುಚ್ಚಿದ ಅಂಗಡಿಯ ಹಿಂದೆ,
ಚಾರ್ಜರ್ ಕಂಬಕ್ಕೆ ಗಾಡಿ ಕಟ್ಟಿ ಎರಡು ತಾಸು.
ಊರಿನ ಹೆಸರಲ್ಲಿದ್ದಷ್ಟು ಕರೆಂಟು ಕಂಬದಲ್ಲಿರಲಿಲ್ಲ.
ಕುದುರೆಗೆ ತನ್ನ ಕಂಬಳಿ ಹೊದಿಸಿ, ತಾನು ಕುದುರೆಗೆ ಒರಗಿ
ನಿಂತಿದ್ದಳಂತೆ.
ಉತ್ತರನ ಪೌರುಷ ಒಲೆಯ ಮುಂದೆ;
ಈ ಗಾಡಿಯದೂ ಅಷ್ಟೆ, ಬೆಚ್ಚಗಿದ್ದರೆ ಶೂರ.

"ನಾಲ್ಕೇ ಸೆಕೆಂಡಿಗೆ ನೂರು ಮುಟ್ಟುತ್ತೆ!" ಹುಡುಗ ಕೀರನ್.
"ಮುಟ್ಟಿ? ಯಾರ ಬೇಲಿಗೆ ಗುದ್ದೋಕೆ?"
ನಗು. ಯಾರೋ ಡೋನಟ್ ಮುರಿದರು.
"ಡೀಸೆಲ್ ದುಡ್ಡು ಉಳಿಯಲ್ವಾ?"
"ಸಾಲದ ಕಂತು ಕಟ್ಟೋರು ಯಾರು?"
"ಎಣ್ಣೆ ಬದಲಿಸೋ ಗೋಜಿಲ್ಲ" ಎಂದವನು
ನನ್ನನ್ನು ನೋಡಿ ಮಾತು ನುಂಗಿದ.

ಆಗ ಡೆಲ್ಫೀನ್, ಯಾರಿಗೋ ಎಂಬಂತೆ:
"ಹೋದ ಗುರುವಾರ ಲೈನ್ ಹರಿದು ಬಿತ್ತಲ್ಲ,
ಒಬ್ಬರ ಕೊಟ್ಟಿಗೆಗೆ ರಾತ್ರಿಯಿಡೀ ಇದೇ ಗಾಡಿಯ ಕರೆಂಟು.
ದೀಪ, ಪಂಪು, ಕರುವಿಗೆ ಶಾಖ.
ಬೆಳಗಿನವರೆಗೂ ಉಳಿದಿತ್ತು, ಇನ್ನೂ ಅರ್ಧ."
ಯಾರ ಕೊಟ್ಟಿಗೆ ಎಂದು ಅವಳು ಹೇಳಲಿಲ್ಲ.
ಓರೆಸ್ಟ್ ಟೊಪ್ಪಿಗೆ ತೆಗೆದು, ಒಳಗಡೆ ನೋಡಿ, ಮತ್ತೆ ಹಾಕಿಕೊಂಡ.
ನನಗೆ ಗೊತ್ತು. ಅವನ ಜನರೇಟರು ಅಕ್ಟೋಬರಿನಿಂದ
ನನ್ನ ಗ್ಯಾರೇಜಿನಲ್ಲೇ ಬಿಚ್ಚಿಬಿದ್ದಿದೆ.

ಮಧ್ಯಾಹ್ನ ಅವಳು ಗಾಡಿ ತಂದಳು: ಏನೋ ಕರಕರ ಸದ್ದು.
ಬೇರೆ ಗಾಡಿಯಾದರೆ ಕೇಳಿಸುತ್ತಲೇ ಇರಲಿಲ್ಲ.
ಮೂವತ್ತೊಂದು ವರ್ಷ ಎಂಜಿನ್ನಿನ ಎದೆಗೆ ಕಿವಿಯಿಟ್ಟವನು ನಾನು,
ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತಿದ್ದವನು.
ಬಾನೆಟ್ ಎತ್ತಿದರೆ, ಎಂಜಿನ್ ಇರಬೇಕಾದಲ್ಲಿ
ಪೆಟ್ಟಿಗೆಯಂಥ ಖಾಲಿ ಜಾಗ.
ತುಂಬಿದ ಕೊಡ ತುಳುಕುವುದಿಲ್ಲ, ಸರಿ.
ಖಾಲಿ ಕೊಡವೂ ತುಳುಕುವುದಿಲ್ಲ.

ಟಾರ್ಚ್ ಹಿಡಿದು ಬಗ್ಗಿದೆ.
ಮೂಲೆಯಲ್ಲಿ ಒಣಹುಲ್ಲು, ಕುದುರೆಯ ಬಾಲದ ಕೂದಲು,
ಖಾತರಿ ಪತ್ರದ ಚೂರುಚೂರು,
ಅದರ ಮೇಲೆ ಕಡಲೆಬೀಜದ ಗಾತ್ರದ, ಕಣ್ಣು ಬಿಡದ
ಐದು ಇಲಿಮರಿ.
ವೈರಿಗೆ ಹಲ್ಲು ತಾಗಿಲ್ಲ, ಇನ್ನೂ.

"ಏನಾಗಿದೆ?" ಬಾಗಿಲಿನಿಂದ ಡೆಲ್ಫೀನ್.
ಆಚೆ ಗೋಡೆಯ ಬಳಿ ಓರೆಸ್ಟನ ಜನರೇಟರು
ಹೊಟ್ಟೆ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು.
"ಸಂಜೆಗೆ ಬಾ" ಎಂದೆ,
ಬಾನೆಟನ್ನು ಮೆಲ್ಲಗೆ ಇಳಿಸುತ್ತಾ.