ಒಂಟೆಯಲ್ಲ, ಆಮೆ

ನಾವು ಒಂಟೆ ಎನ್ನುವ ಕಾಯಿಗೆ
ಜಾರ್ಜಿಯಾದಲ್ಲಿ ಆಮೆ ಎನ್ನುತ್ತಾರೆ.
ಹಲಗೆಯುದ್ದಕ್ಕೂ ಓರೆಯಾಗಿ ಹಾರುವುದಕ್ಕೆ
ಆಮೆ ಅನ್ನೋ ಹೆಸರು ಯಾಕೆ?
ಕೇಳಿದರೆ ಝುಝುನಾ ನಗುತ್ತಾಳೆ:
ಅವಸರ ಯಾರಿಗಿದೆ?

ಚಿಯತುರಾ, ಮ್ಯಾಂಗನೀಸ್ ಗಣಿಯ ಊರು.
ಕೆಳಗಿನ ರೋಪ್‌ವೇ ನಿಲ್ದಾಣದಲ್ಲಿ
ಟಿಕೆಟ್ ಕಿಟಕಿಯ ಹಿಂದೆ, ಸ್ಟೂಲಿನ ಮೇಲೆ ಹಲಗೆ.
ಬಿಳಿಯ ಕಾಲಾಳೊಂದು ಕಳೆದು ಹದಿನಾಲ್ಕು ವರ್ಷ;
ಅದರ ಮನೆಯಲ್ಲಿ ತುಕ್ಕು ಹಿಡಿದ ಬೋಲ್ಟು.
ಬೋಲ್ಟು ಕೊನೆಮನೆ ಮುಟ್ಟಿ ಮಂತ್ರಿಯಾದ ದಿನ
ಲಾಮಾರಾ ಸಾಲಿನವರಿಗೆಲ್ಲ ಚಹಾ ಕುಡಿಸಿದ್ದಳಂತೆ.

ಅವಳದು ಲಿವರ್ ಎಳೆದೆಳೆದು ಜಡ್ಡುಗಟ್ಟಿದ ಹೆಬ್ಬೆರಳು.
ಇವಳದು ಒಲೆಯ ಬಾಯಿಗೆ ಬಗ್ಗಿ ಬಗ್ಗಿ
ಅರ್ಧ ಸುಟ್ಟ ಹುಬ್ಬು.
ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕ:
ಅವಳು ಗೆದ್ದದ್ದು ನಾನೂರ ಹನ್ನೊಂದು,
ಇವಳು ಗೆದ್ದದ್ದೂ ನಾನೂರ ಹನ್ನೊಂದು.
ಸಮವಾದದ್ದನ್ನು ಬರೆಯುವುದಿಲ್ಲ,
ಗೋಡೆ ಸಾಲದು.

ಇವತ್ತು ಕಾಯಿಗೆ ಕಾಯಿ ಬಿತ್ತು.
ಆನೆಗೆ ಆನೆ, ಕುದುರೆಗೆ ಕುದುರೆ.
ಮಂತ್ರಿಗಳು ಹೋದಾಗಲೂ ಯಾರೂ ಉಸ್ಸೆನ್ನಲಿಲ್ಲ.
ಉಳಿದದ್ದು ರಾಜರಿಬ್ಬರು, ಲಾಮಾರಾಳ ಬೋಲ್ಟು,
ಎರಡು ಆಮೆ.
ಒಂದು ಬಿಳಿ ಮನೆಗಳದ್ದು, ಒಂದು ಕಪ್ಪು ಮನೆಗಳದ್ದು.
ಒಂದೇ ಹಲಗೆಯಲ್ಲಿ ಮೂಲೆಯಿಂದ ಮೂಲೆಗೆ
ಕಾಲು ಸವೆಯುವಷ್ಟು ನಡೆದರೂ
ಇದರ ಚಿಪ್ಪು ಅದಕ್ಕೆ ತಾಕುವುದಿಲ್ಲ.
ಬೋಲ್ಟಿಗೆ ಇನ್ನೆರಡೇ ಮನೆ.
ಮುಂದಿನದನ್ನು ಝುಝುನಾಳ ಆಮೆ ಕಾಯುತ್ತಿದೆ,
ಲಾಮಾರಾಳದಕ್ಕೆ ಆ ಬಣ್ಣ ತುಳಿಯಲು ಬಾರದು.

ಮೇಲಿನಿಂದ ಗಂಟೆ. ಪಾಳಿ ಮುಗಿಯಿತು.
ಲಾಮಾರಾ ಎದ್ದು ಲಿವರ್ ಎಳೆದಳು.
ಗಣಿಯವರನ್ನು ತುಂಬಿಕೊಂಡು ಒಂದು ಡಬ್ಬಿ ಇಳಿಯಿತು,
ಆ ಭಾರಕ್ಕೇ ಖಾಲಿಯದೊಂದು ಏರಿತು.
ನಡುಕಣಿವೆಯಲ್ಲಿ, ನದಿಯ ಮೇಲೆ,
ಕಿಟಕಿಗೆ ಕಿಟಕಿ
ಒಂದು ಕೆಮ್ಮಿನಷ್ಟು ಹೊತ್ತು.

ಹಲಗೆಯ ಮುಂದೆ ಆಗ ಝುಝುನಾ ಒಬ್ಬಳೇ.
ಅವಳ ಕೈ ಬೋಲ್ಟಿನ ಕಡೆ ಹೋದದ್ದು ಕಂಡೆ.
ನಾನು ಕೆಮ್ಮಲೇ, ಕೂಗಲೇ?
ಹಿಟ್ಟು ಮೆತ್ತಿದ ಬೆರಳಲ್ಲಿ ಅದನ್ನು
ಅದರದೇ ಮನೆಯ ನಟ್ಟನಡುವೆ
ನೆಟ್ಟಗೆ ನಿಲ್ಲಿಸಿದಳು. ಅಷ್ಟೇ.

ಲಾಮಾರಾ ಬಂದು ಕೂತಳು.
ಬೋಲ್ಟಿನ ಮೇಲಿನ ಹಿಟ್ಟು ನೋಡಿದಳು, ಏನೂ ಅನ್ನಲಿಲ್ಲ.
"ಸಮವಾ?"
"ರೊಟ್ಟಿ ಆರುತ್ತಿದೆ."
ದೋಣಿಯಂಥ ರೊಟ್ಟಿಯನ್ನು ಮುರಿದರು.
ಸರಿಯಾಗಿ ಎರಡಾಗಲಿಲ್ಲ.
ದೊಡ್ಡದು ನಿನಗೆ, ಉಹೂಂ, ನಿನಗೆ,
ದನಿ ಏರಿತು, ಸ್ಟೂಲು ಅಲುಗಿ
ಆಮೆಯೊಂದು ನೆಲಕ್ಕುರುಳಿತು.

ಕೊನೆಗೆ ದೊಡ್ಡ ಚೂರು ಬಂದದ್ದು
ನನ್ನ ಕೈಗೆ. ಬಿಸಿಯಿತ್ತು ಇನ್ನೂ.